ಮೇಣದ ಪಿನ್ನು

ಮೇಣ ಮತ್ತೆ ಜಾರುತ್ತಿದೆ, ಎಡಗಡೆಯ ತುಟಿಯ ಕೊನೆ, ಈಗ ತಾನೇ ಎತ್ತಿ ಕೂರಿಸಿದ್ದು, ಬಿಸಿ ಚಾಕು ತಾಗಿದ್ದೇ ತಡ ಇಳಿದುಬಿಟ್ಟಿತು — ಮಾರ್ಚಿನ ಬಿಸಿಲಿನಲ್ಲಿ ತಗಡಿನ ಸೂರಿನ ಕೆಳಗೆ ಮೇಣ ನಿಲ್ಲುವುದುಂಟೇ, ಬೆಳಿಗ್ಗೆಯೇ ಮುಗಿಸಬೇಕಿತ್ತು, ನಾಲ್ಕಕ್ಕೆ ಬೊಳ್ಳಪ್ಪನವರ ಜೀಪು ಬರುತ್ತದೆ, ಪವಿತ್ರಾ ಚಾಕುವನ್ನು ನೀರಿಗೆ ಅದ್ದಿದಳು, ಚುರ್ ಎಂದಿತು. ಗೇಣುದ್ದದ ಹೆಂಗಸು. ತಲೆಬಟ್ಟೆ, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಸೊಂಟಕ್ಕೆ ಕಟ್ಟಿದ ಚೀಲ, ಒಂದು ಕೈ ಗಿಡದ ಕಡೆಗೆ, ಇನ್ನೊಂದು ಅಂಗೈ ಬಿಚ್ಚಿ ಮುಂದಕ್ಕೆ. ಮಣ್ಣಿನಲ್ಲಿ ಮಾಡಿದಾಗ ಎಲ್ಲ ಸರಿಯಿತ್ತು, ಅಚ್ಚು ತೆಗೆದು ಮೇಣ ಹೊಯ್ದು, ಮೇಣದ ಎಳೆ ಹೊಸೆದು ತುಟಿಗೆ ಪಿನ್ನು ಸಿಕ್ಕಿಸಿದಾಗಲೂ ಸರಿಯಿತ್ತು, ಥೇಟ್ ಅವ್ವ — ಅವ್ವ ಎಂದು ಯಾರಿಗೂ ಹೇಳಿಲ್ಲ, ಕಾಫಿ ಕೊಯ್ಯುವ ಹೆಂಗಸು ಬೇಕು ಅಂದಿದ್ದರು ಬೊಳ್ಳಪ್ಪನವರು, ಹೋಮ್‌ಸ್ಟೇ ಬಾಗಿಲಿಗೆ, ಒಪ್ಪಿದರೆ ಕಂಚಿನ ಎರಕಕ್ಕೆ ಹೋಗುತ್ತದೆ. ಮೊನ್ನೆ ಬಂದು ನೋಡಿ, ಬಾಯಲ್ಲಿ ಅದೆಂತ ಕಡ್ಡಿ ಮಾರಾಯ್ತಿ, ಅದು ತೆಗೆದು ಸ್ವಲ್ಪ ನಗಿಸು, ಬರೋರಿಗೆ ಖುಷಿ ಆಗ್ಬೇಕಲ್ಲ, ಅಂದಿದ್ದರು.

ನಗಿಸಬೇಕಂತೆ. ಕಾಫಿ ಪಿಕಿಂಗಿಗೆ ಹೊರಡುವ ಹೊತ್ತಿನಲ್ಲಿ ಯಾವ ಹೆಂಗಸು ನಗುತ್ತಾಳೆ, ಏಳಕ್ಕೆಲ್ಲ ಮಾದಾಪುರದ ರಸ್ತೆಯಲ್ಲಿ ಎಸ್ಟೇಟಿನ ಗಾಡಿ ಹಾರ್ನ್ ಹೊಡೆಯುತ್ತಿರುತ್ತದೆ, ಅವ್ವ ತಲೆಬಟ್ಟೆಯ ಪಿನ್ನನ್ನು ತುಟಿಯಲ್ಲಿ ಕಚ್ಚಿಕೊಂಡೇ ಚೀಲ ಕಟ್ಟುತ್ತಾಳೆ, ಕಚ್ಚಿಕೊಂಡೇ ಬೈಯುತ್ತಾಳೆ, ಒಲೆ ನೋಡು, ಕೋಳಿ ಬಿಡು, ಅರ್ಧ ಮಾತು ನಮಗೆ ಅರ್ಧ ಪಿನ್ನಿಗೆ. ಹೋದ ವರ್ಷ ಜನವರಿಯಲ್ಲಿಯೂ ಹಾಗೇ ಏನೋ ಅಂದಳು, ಮಾತು ಉಂಡೆಯಾಗಿ ಹೊರಬಿತ್ತು, ಮಣ್ಣು ಮಿದಿಯುತ್ತಿದ್ದ ಪವಿತ್ರಾ ಮುಖ ಎತ್ತಲಿಲ್ಲ, ಪಿನ್ನು ತೆಗ್ದು ಮಾತಾಡವ್ವ. ಮತ್ತೆ ಅಂದಳು, ಮತ್ತೂ ಉಂಡೆ. ಥೂ, ತೆಗ್ದು ಮಾತಾಡು ಅಂದ್ನಲ್ಲ. ಅವ್ವ ಹೋಗಿ ಗಾಡಿ ಹತ್ತಿದಳು. ಹತ್ತು ಗಂಟೆಗೆ ಎಸ್ಟೇಟಿನ ರೈಟರ್ ಫೋನು, ವಿಶಾಲಾಕ್ಷಮ್ಮ ಗಿಡದ ಬುಡದಲ್ಲಿ ಬಿದ್ಬಿಟ್ಟವ್ರೆ, ಬೇಗ ಬಾರವ್ವ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, ಬೆಳಿಗ್ಗೆ ಮಾತೇನಾದರೂ ತೊದಲ್ತಿತ್ತಾ? ಇಲ್ಲ ಸಾರ್. ಎಷ್ಟು ಬೇಗ ಬಂತು ಬಾಯಿಗೆ ಆ ಇಲ್ಲ.

ಒಳಗೆ ಕುರ್ಚಿ ಕಿರುಗುಟ್ಟಿತು, ಏನವ್ವ, ನೀರಾ, ಅವ್ವನ ಮಾತು ನಿಂತು, ಬಾಯಿ ಎಡಕ್ಕೆ ಇಳಿದು ವರ್ಷದ ಮೇಲಾಯಿತು — ಅದೇ ಬಾಯಿ ಈಗ ಮೇಣದಲ್ಲಿಯೂ ಬರುತ್ತಿದೆ, ನಗಿಸಲು ಹೋದಷ್ಟೂ ಅದೇ. ಪಿನ್ನಿದ್ದಾಗಲೇ ಚೆನ್ನಾಗಿತ್ತು, ಪಿನ್ನಿದ್ದರೆ ತುಟಿ ಬಿಗಿಯಾಗಿರುತ್ತದೆ, ಪಿನ್ನಿದ್ದರೆ ಯಾರ ಮಾತಾದರೂ ತೊದಲುತ್ತದೆ, ಯಾರ ತಪ್ಪೂ ಅಲ್ಲ — ಅದಕ್ಕೇ ಅಲ್ಲವೇ ಇಟ್ಟದ್ದು, ಸುಳ್ಳುಬುರುಕಿ, ಅವ್ವನ ಚಂದಕ್ಕಲ್ಲ, ನಿನ್ನ ನೆಮ್ಮದಿಗೆ. ಮುಖ ಎತ್ತಲಿಲ್ಲವಂತೆ. ಎತ್ತಿದ್ದಳು. ಎರಡನೇ ಸಲ ಬೈದಾಗ ಎತ್ತಿ ನೋಡಿದ್ದಳು, ನೋಡಿ ಮತ್ತೆ ಮಣ್ಣಿಗೆ ಬಗ್ಗಿದ್ದಳು. ಜೀಪು ತಿರುವಿನಲ್ಲಿ ಗೇರು ಬದಲಿಸಿತು, ಬಂದೇಬಿಟ್ಟರು, ಕಿತ್ತ ಮೇಣದ ಪಿನ್ನು ಬೆರಳಿಗೇ ಅಂಟಿಕೊಂಡಿದೆ, ತುಟಿಗೆ ಹಚ್ಚಿದಳು, ನಿಲ್ಲಲಿಲ್ಲ, ಮತ್ತೆ ಹಚ್ಚಿದಳು, ಬಿದ್ದದ್ದು ಬೊಂಬೆಯ ಬಿಚ್ಚಿದ ಅಂಗೈಗೆ, ಅಲ್ಲೇ ಕೂತಿತು, ತೆಗೆಯಲು ಕೈ ಬರಲಿಲ್ಲ — ಅವತ್ತೂ ಹೀಗೇ, ಬಾಗಿಲಲ್ಲಿ ಅವ್ವ, ಬಾಯಿ ಖಾಲಿ, ನೋಡು ಎಂದು ಚಾಚಿದ ಅಂಗೈ, ಅಂಗೈಯಲ್ಲಿ ಪಿನ್ನು.