ಕೈಲಾಸದ ಫೈಲು

ಪರಮಶಿವಪ್ಪನವರ ಪ್ರೆಸ್ಸಿಗೆ ಕಂಪ್ಯೂಟರ್ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಆಗಲೇ ಅದಕ್ಕೂ ಮಡಿ ಮೈಲಿಗೆ ಅಂಟಿಕೊಂಡಿತ್ತು. ಮದುವೆ ಕಾರ್ಡಿನ ಫೋಟೋಗಳ ಜೊತೆ ತೀರಿಹೋದವರ ಫೋಟೋ ಇಡಕೂಡದು, ಸತ್ತವರ ಹೆಸರು ಯಂತ್ರದೊಳಗೆ ಉಳಿಯಕೂಡದು ಎಂದು ಅವರು ಕಟ್ಟಪ್ಪಣೆ ಮಾಡಿದ್ದರು. ಮನುಷ್ಯರಿಗೆ ಸಾಲದೆಂದು ಡಿಸ್ಕಿಗೂ ಸೂತಕ. ಆಪರೇಟರ್ ನಾಗವೇಣಿ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದಳು. ತಿಥಿ ಕಾರ್ಡಿನ ಫೋಟೋ ಯಾರದ್ದೇ ಬರಲಿ, ಸ್ಕ್ಯಾನ್ ಮಾಡಿ 'ಕೈಲಾಸ' ಎಂಬ ಒಂದೇ ಹೆಸರಿನಲ್ಲಿ ಉಳಿಸುವುದು. ಹೊಸಬರು ಬಂದಾಗ ಹಳಬರು ತಾವಾಗಿಯೇ ಅಳಿಸಿಹೋಗುತ್ತಿದ್ದರು.

ಒಬ್ಬರ ಕಾರ್ಡು ಅಚ್ಚಾದ ಮೇಲೆಯೇ ಇನ್ನೊಬ್ಬರನ್ನು ಸ್ಕ್ಯಾನ್ ಮಾಡುವುದು ಅವಳ ಪದ್ಧತಿ. ಅದು ತಪ್ಪಿದ್ದು ಆ ಒಂದು ವಾರ ಮಾತ್ರ.

ಸೋಮವಾರ ಸಿರಾಳಕೊಪ್ಪದ ರಸ್ತೆಯಲ್ಲಿ ಲಾರಿಗೆ ಬೈಕು ಬಡಿದಿತ್ತು. ಹಿಂದೆ ಕೂತಿದ್ದ ಉಡುತಡಿಯ ಈಶ್ವರ್ ಅಲ್ಲೇ ಹೋದ. ಬೈಕು ಓಡಿಸುತ್ತಿದ್ದ ಗೆಳೆಯ, ಸೊರಬದ ಮಾಲತೇಶ್, ಆಸ್ಪತ್ರೆಯಲ್ಲಿ ಗುರುವಾರ ಬೆಳಗಿನ ಜಾವ ಹೋದ. ಶುಕ್ರವಾರ ಈಶ್ವರನ ಚಿಕ್ಕಪ್ಪ ಚನ್ನೇಶ್ ಫೋಟೋ ಕೊಟ್ಟು ಹೋಗಿದ್ದ. ನಾಗವೇಣಿ ಪೇಜು ಕಟ್ಟಿ ಪ್ರಿಂಟು ತೆಗೆಯುವ ಮೊದಲೇ ಕರೆಂಟು ಹೋಯಿತು. ಶನಿವಾರ ಬೆಳಗ್ಗೆ ಅವಳು ಬಾಗಿಲು ತೆಗೆಯುವ ಹೊತ್ತಿಗೆ ಮಾಲತೇಶನ ಮಾವ ಯಲ್ಲಪ್ಪ ಸೊರಬದಿಂದ ಬಂದು ಮೆಟ್ಟಿಲ ಮೇಲೆ ಕೂತಿದ್ದ. ಅವನ ಕಣ್ಣು ನೋಡಿ ನಾಳೆ ಬನ್ನಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅವನು ತಂದ ಫೋಟೋವನ್ನೂ ಸ್ಕ್ಯಾನ್ ಮಾಡಿ, ಪೇಜು ಕಟ್ಟಿ, ಹಾಳೆ ತೆಗೆದುಕೊಟ್ಟು ಕಳಿಸಿದಳು.

ಮಧ್ಯಾಹ್ನ ಚನ್ನೇಶ್ ಮತ್ತೆ ಬಂದ. ಜೊತೆಗೆ ಈಶ್ವರನ ತಾಯಿ ಮಹಾದೇವಮ್ಮ. ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಅವನು ನಾಗವೇಣಿಯನ್ನು ಪೇಪರ್ ಬಂಡಲ್ಲುಗಳ ಹಿಂದೆ ಕರೆದ.

"ಕಾರ್ಡು ನಾನೇ ನೋಡ್ಬೇಕು ಅಂತ ಹಟ ಹಿಡಿದಾರೆ ನಮ್ಮ ಅತ್ತಿಗೆ. ಆ ಸೊರಬದ ಹುಡುಗನ ಸುದ್ದಿ ಮಾತ್ರ ಎತ್ತಬ್ಯಾಡ್ರಿ. ಅವನು ಹೋಗಿದ್ದು ಅವರಿಗೆ ಗೊತ್ತಿಲ್ಲ, ಹೇಳೋ ಧೈರ್ಯ ನಮಗ್ಯಾರಿಗೂ ಇಲ್ಲ."

ನಾಗವೇಣಿ ತಲೆಯಾಡಿಸಿದಳು. ಕವರು ತರುತ್ತೇನೆಂದು ಚನ್ನೇಶ್ ಪೇಟೆ ಕಡೆ ಹೋದ. ಪರಮಶಿವಪ್ಪನವರೂ ಕಾಗದ ತರಲು ಶಿವಮೊಗ್ಗಕ್ಕೆ ಹೋಗಿದ್ದರು. ಪ್ರೆಸ್ಸಿನಲ್ಲಿ ಉಳಿದವರು ಇಬ್ಬರೇ ಹೆಂಗಸರು.

ಮಹಾದೇವಮ್ಮ ಕಂಪ್ಯೂಟರನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ಮಗ ಇದರಾಗೆ ಎಲ್ಲಿದಾನವ್ವಾ?"

"ಕೈಲಾಸ ಅನ್ನೋ ಹೆಸರಲ್ಲಿ ಇದಾನಮ್ಮಾ. ಹೋದವರ ಫೋಟೋ ಮಾತ್ರ ಅದರಲ್ಲಿ ಇಡೋದು. ಬೇರೆ ಯಾರದ್ದೂ ಹಾಕಲ್ಲ."

ಆಕೆಗೆ ಆ ಮಾತು ಹಿತವಾಯಿತು. ನಾಗವೇಣಿ ಪೇಜು ತೆರೆದಳು. ಶಿವಗಣಾರಾಧನೆಯ ಸಾಲುಗಳ ಮೇಲೆ ಈಶ್ವರನ ಮುಖ ಬಂತು, ಆದರೆ ತೀರಾ ಒರಟಾಗಿ. ಕಣ್ಣೆಲ್ಲ ಕಪ್ಪು ಚೌಕ, ತುಟಿಯಿರುವಲ್ಲಿ ಒಡೆದ ಮೆಟ್ಟಿಲು, ಕೆನ್ನೆ ಹರಳು ಹರಳು.

ಮಹಾದೇವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಹಿಂಗಾಗಿತ್ತಾ ಮುಖ? ಅದಕ್ಕೇ ಮುಖದ ಮೇಲಿನ ಬಟ್ಟೆ ತೆಗೀಲಿಲ್ಲ ಅವರು. ಎಷ್ಟು ಕಾಲು ಹಿಡಿದೆ ಗೊತ್ತೇನವ್ವಾ, ಒಂದ್ಸಲ ತೋರಿಸ್ರಿ ಅಂತ."

"ಅಯ್ಯೋ, ಹಾಗಲ್ಲಮ್ಮಾ! ಇದು ಸ್ಕ್ರೀನಲ್ಲಿ ಮಾತ್ರ ಹೀಗೆ. ಪೇಜಲ್ಲಿ ಇರೋದು ಗುರುತಿಗೆ ಇಟ್ಟ ಸಣ್ಣ ನಕಲು. ಪೂರ್ತಿ ಫೋಟೋ ಬೇರೆ ಕಡೆ, ಆ ಕೈಲಾಸದಲ್ಲೇ ಇರತ್ತೆ, ಪ್ರಿಂಟ್ ಮಾಡೋವಾಗ ಅದನ್ನೇ ತಗೊಳತ್ತೆ. ಕಾಗದದಲ್ಲಿ ಚೆನ್ನಾಗಿ ಬರತ್ತೆ."

"ಸುಳ್ಳು ಹೇಳಬ್ಯಾಡ ಮಗಾ. ಎಲ್ಲರೂ ಹಂಗೇ ಹೇಳ್ತಾರೆ."

ಮಾತಿನಲ್ಲಿ ನಂಬಿಸಲಾಗದ್ದನ್ನು ತೋರಿಸಿಯೇ ನಂಬಿಸಬೇಕು. ಚಿತ್ರಗಳನ್ನು ಒರಟಾಗಿ ತೋರಿಸಬೇಕೋ ಪೂರ್ತಿ ಸ್ಪಷ್ಟವಾಗಿ ತೋರಿಸಬೇಕೋ ಎಂದು ಆರಿಸುವ ಒಂದು ಜಾಗ ಆ ಸಾಫ್ಟ್‌ವೇರಿನಲ್ಲಿತ್ತು. ಯಂತ್ರ ಎಮ್ಮೆಯ ಹಾಗೆ ಕೂತುಬಿಡುತ್ತದೆಂದು ಅವಳು ಅದರ ತಂಟೆಗೆ ಹೋಗುತ್ತಿರಲಿಲ್ಲ. ಈಗ ಹೋಗಿ, ಪೂರ್ತಿ ಸ್ಪಷ್ಟ ಎಂಬುದನ್ನು ಒತ್ತಿದಳು.

"ಈಗ ನೋಡಿ ಅಮ್ಮಾ. ನಿಮ್ಮ ಮಗ ಹೇಗಿದ್ದನೋ ಹಾಗೇ ಬರ್ತಾನೆ."

ಪರದೆ ಬೆಳ್ಳಗಾಯಿತು. ಡಬ್ಬದೊಳಗೆ ಡಿಸ್ಕು ಕರಕರ ಎಂದಿತು. ಚಿತ್ರ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಮೊದಲು ಕೂದಲು, ಪಕ್ಕಕ್ಕೆ ಬೈತಲೆ. ಆಮೇಲೆ ಅಗಲ ಹಣೆ. ಮಹಾದೇವಮ್ಮ ಕುರ್ಚಿಯ ತುದಿಗೆ ಜರುಗಿ, ಗಾಜಿನ ಮೇಲೆ ಕೈಯಿಟ್ಟರು. ಹುಬ್ಬು ಬಂತು. ಕಣ್ಣು ಬಂದವು, ನೇರವಾಗಿ ಅವರಿಬ್ಬರನ್ನೇ ನೋಡುತ್ತ. ಆಕೆಯ ಕೈ ಸರಕ್ಕನೆ ಹಿಂದೆ ಬಂತು.

ಅದು ಈಶ್ವರ್ ಅಲ್ಲ.

ನಾಗವೇಣಿಗೆ ಬೆಳಗಿನದೆಲ್ಲ ಒಮ್ಮೆಲೇ ಹೊಳೆಯಿತು. 'ಕೈಲಾಸ'ದಲ್ಲಿ ಈಗ ಇರುವವನು ಮಾಲತೇಶ್. ಪೇಜಿನಲ್ಲಿ ಉಳಿದದ್ದು ಈಶ್ವರನ ಒಡಕು ನಕಲು ಮಾತ್ರ. ಈ ತಾಯಿ ಹಟ ಮಾಡದಿದ್ದರೆ ಐನೂರು ಕಾರ್ಡಿನಲ್ಲಿ ಈಶ್ವರನ ಹೆಸರಿನ ಮೇಲೆ ಬೈಕು ಓಡಿಸಿದವನ ಮುಖ ಅಚ್ಚಾಗುತ್ತಿತ್ತು. ಮುಚ್ಚಲು ಮೌಸು ಒತ್ತಿದಳು. ಚಿತ್ರ ಮುಗಿಯುವ ತನಕ ಯಂತ್ರ ಯಾರ ಮಾತೂ ಕೇಳುವಂತಿರಲಿಲ್ಲ. ಮೂಗು ಬಂತು, ಚಿಗುರುಮೀಸೆ ಬಂತು, ನಗು ಬಂತು.

"ಇವನು ಮಾಲತೇಶ," ಎಂದರು ಮಹಾದೇವಮ್ಮ. ದನಿಯಲ್ಲಿ ಅಳುವಿರಲಿಲ್ಲ. "ನಮ್ಮ ಮನ್ಯಾಗೆ ಎಷ್ಟು ಸಲ ರೊಟ್ಟಿ ತಿಂದಾನೆ. ಇವನು ಕೈಲಾಸದಾಗೆ ಯಾಕೆ ಬಂದ?"

ನಾಗವೇಣಿ ತಾನೇ ಹೇಳಿದ್ದಳಲ್ಲವೇ, ಹೋದವರದ್ದು ಮಾತ್ರ ಎಂದು.

"ಹೋದನಾ?"

"ಹೌದಮ್ಮಾ."

ಮಹಾದೇವಮ್ಮ ಆ ನಗುವನ್ನೇ ನೋಡುತ್ತ, ತಮಗೆ ತಾವೇ ಹೇಳಿಕೊಳ್ಳುವಂತೆ ಹೇಳಿದರು. "ಬುಧವಾರ ಮಗನಿಗೆ ಹಾಲುತುಪ್ಪ ಬಿಟ್ಟು ಬಂದು, ಅಂಗಳದಾಗೆ ನಿಂತು ಮಣ್ಣು ತೂರಿದೆ. ನನ್ನ ಮಗನ್ನ ತಿಂದವನೂ ಮಣ್ಣಾಗಲಿ ಅಂದೆ. ಇಡೀ ಕೇರಿ ಕೇಳಿತು. ಅದಕ್ಕೇ ಇವರೆಲ್ಲ ಮುಚ್ಚಿಟ್ಟಾರೆ." ಆಕೆ ನಾಗವೇಣಿಯ ಕೈ ಹಿಡಿದರು. "ನಂಗೆ ಓದಾಕೆ ಬರಲ್ಲವ್ವಾ. ಅವನ ಕಾರ್ಡಿನಾಗೆ ನೋಡಿ ಹೇಳು. ಯಾವತ್ತು ಹೋದ?"

ನಾಗವೇಣಿ ಮಾಲತೇಶನ ಪೇಜು ತೆರೆದಳು. ಗುರುವಾರ ಬೆಳಗಿನ ಜಾವ ಎಂದು ತಾನೇ ಹೊಡೆದ ಅಕ್ಷರ ಎದುರಿಗಿತ್ತು. ಬುಧವಾರದಿಂದ ಅದಕ್ಕೆ ಒಂದೇ ರಾತ್ರಿ. ಇದನ್ನು ಓದಿದರೆ ಈ ಹೆಂಗಸು ಉಳಿದ ಆಯುಷ್ಯವನ್ನೆಲ್ಲ ಆ ಒಂದು ರಾತ್ರಿಯಲ್ಲೇ ಕಳೆಯುತ್ತಾಳೆ ಎಂದು ಅವಳಿಗೆ ಖಚಿತವಾಗಿ ಅನ್ನಿಸಿತು.

"ಸೋಮವಾರ ಅಂತ ಇದೆ ಅಮ್ಮಾ. ನಿಮ್ಮ ಮಗ ಹೋದ ದಿನವೇ."

"ಹಂಗಂತ ಬರೆದೈತಾ?"

"ಬರೆದಿದೆ."

"ಹಂಗಾದ್ರೆ ನಂಗೊಂದು ಕೊಡು."

ಇಷ್ಟು ದೂರ ಬಂದ ಮೇಲೆ ಸುಳ್ಳಿಗೂ ಕೂಲಿ ಕೊಡಲೇಬೇಕು. ನಾಗವೇಣಿ ಗುರುವಾರವನ್ನು ಅಳಿಸಿ ಸೋಮವಾರ ಎಂದು ಹೊಡೆದಳು, ತಾರೀಖನ್ನೂ ತಿದ್ದಿದಳು, ಒಂದೇ ಒಂದು ಹಾಳೆ ತೆಗೆದಳು. ಮಹಾದೇವಮ್ಮ ಅದನ್ನು ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ನಂತರ ನಾಗವೇಣಿ ಈಶ್ವರನ ಫೋಟೋವನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡಿದಳು. ಯಜಮಾನರು ಬೈದರೆ ಬೈಯಲಿ ಎಂದು ಈ ಸಲ ಅವನ ಹೆಸರಿನಲ್ಲೇ ಉಳಿಸಿದಳು. ಪರದೆಯ ಮೇಲೆ ಪಟ್ಟಿ ಪಟ್ಟಿಯಾಗಿ ಅವನೇ ಇಳಿದು ಬಂದ. ಗಲ್ಲದ ಮೇಲಿನ ಮಚ್ಚೆ ಕೂಡ ಕಂಡಿತು. ಮಹಾದೇವಮ್ಮ ಆಗ ಅತ್ತರು, ಗಾಜಿನ ಮೇಲೆ ಬೆರಳಾಡಿಸುತ್ತ, ಬಟ್ಟೆಯ ಕೆಳಗೆ ಕಾಣದ್ದನ್ನೆಲ್ಲ ನೋಡುತ್ತ.

ಕವರಿನ ಕಟ್ಟು ಹಿಡಿದು ಬಂದ ಚನ್ನೇಶ್ ಪ್ರಿಂಟು ನೋಡಿ ಒಪ್ಪಿ, ಬಸ್ಸಿಗೆ ಹೊತ್ತಾಯಿತೆಂದು ಮುಂದೆ ಮೆಟ್ಟಿಲಿಳಿದ. ಮಹಾದೇವಮ್ಮ ಹೊಸ್ತಿಲಲ್ಲಿ ನಿಂತು ತಿರುಗಿದರು.

"ಮಂಗಳವಾರ ಸಂಜೆ ಮಾಲತೇಶನ ಕಡೆಯವರು ಫೋನ್ ಮಾಡಿದ್ರವ್ವಾ, ಹುಡುಗ ಕಣ್ಣು ಬಿಟ್ಟ ಅಂತ. ಅದನ್ನ ಕೇಳಿಯೇ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿದ್ದು." ಸೊಂಟದ ಕಾಗದವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. "ಇರಲಿ ಬಿಡು. ಇಷ್ಟು ಬರೆದುಕೊಡೋರೂ ನಂಗ್ಯಾರಿದ್ರು?"

ಅವರು ಹೋದ ಮೇಲೆ ನಾಗವೇಣಿ ಮಾಲತೇಶನ ಪೇಜನ್ನು ಮತ್ತೆ ತೆರೆದಳು. ಅವನು ಮೇಲಿನಿಂದ ನಿಧಾನವಾಗಿ ಇಳಿದು ಬಂದ, ಕಣ್ಣು ನೇರವಾಗಿ ಅವಳ ಮೇಲೆ. ಅವನು ನಗುತ್ತಿರುವಾಗಲೇ ಅವಳು ಸೋಮವಾರವನ್ನು ಅಳಿಸಿ ಗುರುವಾರ ಎಂದು ಹೊಡೆದಳು.