ಗೆದ್ದ ಗುಂಪು

ಮಗ್ಗದ ಸದ್ದಿನಲ್ಲಿ ತನ್ನ ದನಿ ಒಳಗೆ ಮುಟ್ಟಲಿಲ್ಲವೆಂದು ಶೈಲಶ್ರೀ ಹೊಸ್ತಿಲು ದಾಟಿ ನಿಂತಳು. ಜುಲೇಖಾ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ತರಗತಿಯ ಅಕ್ಕೋರನ್ನು ಕಂಡು ಗಾಬರಿಯಿಂದ ಎದ್ದಳು. ಜ್ವರವೇನೂ ಇದ್ದಂತಿರಲಿಲ್ಲ. ಅವಳು ಶಾಲೆಗೆ ಬಾರದ ಮೂರು ಶನಿವಾರವೂ ಜ್ವರವೆಂದೇ ಗೆಳತಿಯರು ಹೇಳಿದ್ದರು.

ಹೊಸ ಜಿಲ್ಲೆ ಬಾಗಲಕೋಟೆಯಲ್ಲಿ ತರಬೇತಿ ಮುಗಿಸಿ ಇಳಕಲ್ಲಿಗೆ ಮರಳಿದ ಶೈಲಶ್ರೀ, ಆರನೆಯ ತರಗತಿಯಲ್ಲಿ ಐದೈದು ಮಕ್ಕಳ ಗುಂಪು ಮಾಡಿದ್ದಳು. ಶನಿವಾರ ಪರೀಕ್ಷೆ, ಸರಾಸರಿ ಹೆಚ್ಚು ಬಂದ ಗುಂಪಿನ ಎಲ್ಲರಿಗೂ ಒಂದೊಂದು ಬಣ್ಣದ ಪೆನ್ಸಿಲ್. ಬಾರದವರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಪಾಪ, ನೇಕಾರರ ಮಕ್ಕಳು, ಮನೆಗೆಲಸ ಬಿದ್ದರೆ ಉಳಿದವರಿಗೇಕೆ ಶಿಕ್ಷೆ ಎಂದು ಆ ನಿಯಮ ಮಾಡಿದ ದಿನ ಅವಳಿಗೆ ತನ್ನ ಬಗ್ಗೆ ತನಗೇ ಹೆಮ್ಮೆಯಾಗಿತ್ತು.

ಯಾಕೆ ಬರುತ್ತಿಲ್ಲವೆಂದು ಕೇಳಿದಳು.

"ನಾ ಬರದಿದ್ರ ನಮ್ಮ ಗುಂಪು ಗೆಲ್ತೈತ್ರಿ ಅಕ್ಕೋರ."

"ಯಾರಂದ್ರು ಹಂಗಂತ?"

"ಯಾರೂ ಅಂದಿಲ್ರಿ. ನಾನ ಲೆಕ್ಕಾ ಹಾಕೇನಿ. ನಾಕು ಮಂದೀದು ಕೂಡ್ಸಿ ನಾಕರಿಂದ ಭಾಗಿಸ್ರಿ. ನನ್ನ ಎರಡು ಮಾರ್ಕು ಸೇರ್ಸಿ ಐದರಿಂದ ಭಾಗಿಸ್ರಿ. ಕಮ್ಮಿ ಬರ್ತೈತಿ."

ಲೆಕ್ಕ ಸರಿಯಾಗಿತ್ತು. ಗೆಳತಿಯರೂ ನಂಬಿಗಸ್ತರು, ಅವಳ ಪಾಲಿನ ಪೆನ್ಸಿಲ್ ವಾರವಾರ ತಪ್ಪದೆ ಮನೆಗೆ ಮುಟ್ಟಿಸಿದ್ದರು. ಮೂರೂ ಚೂಪು ಮಾಡದೆ ಗೋಡೆಯ ಗೂಡಿನಲ್ಲಿದ್ದವು.

ತಾಯಿ ಮಾಬುಬಿ ಚಾಪೆ ಹಾಸುತ್ತ, ಶನಿವಾರ ಹುಡುಗಿ ಮನೆಯಲ್ಲಿದ್ದರೆ ಒಂದು ಬುಟ್ಟಿ ಕಂಡಿಕೆ ಹೆಚ್ಚಾಗುತ್ತದೆ, ದಿನವೂ ಇರಲಿ ಅಂತ ಇವರಪ್ಪ ಅನ್ನುತ್ತಾರೆ ಎಂದಳು. ತಂದೆ ಹುಸೇನಸಾಬ ಮಗ್ಗ ನಿಲ್ಲಿಸಿದ. ಸಿಟ್ಟೇನಿರಲಿಲ್ಲ, ನಗುತ್ತಲೇ ಹೇಳಿದ.

"ಆಕಿ ಹ್ವಾದ್ರ ಸಾಲಿಗೆ ಲುಕ್ಸಾನು, ಇದ್ರ ನಮಗ ಫಾಯ್ದೆ. ಇನ್ಯಾಕ ಕಳಸ್ಬೇಕ್ರಿ?"

ಬಾರದವರನ್ನು ಬಿಡುವ ನಿಯಮ ತಪ್ಪಾಗಿತ್ತು, ಈಗಲೇ ತೆಗೆದುಹಾಕುತ್ತೇನೆ, ಸೋಮವಾರ ಕಳಿಸಿಕೊಡಿ ಎಂದು ಶೈಲಶ್ರೀ ಎರಡು ಸಲ ಹೇಳಿದಳು. ಅವನು ಮತ್ತೆ ಲಾಳಿಯನ್ನು ಕೈಗೆತ್ತಿಕೊಂಡ.

"ನೀ ಏನಂತಿ?" ಎಂದು ಹುಡುಗಿಯನ್ನೇ ಕೇಳಿದಳು.

"ನಾ ಬಂದ್ರ ಅವರು ಸೋಲ್ತಾರಲ್ರಿ."

"ಸೋಲ್ಲಿ ಬಿಡು."

ಜುಲೇಖಾ ಮೊದಲ ಸಲ ತಲೆಯೆತ್ತಿ ನೋಡಿದಳು. ಇಷ್ಟು ದಿನ ತಾನು ಕೊಟ್ಟದ್ದನ್ನು ಯಾರೋ ಬೇಡವೆಂದು ಬೀದಿಗೆ ಎಸೆದಂತಿತ್ತು ಆ ನೋಟ.

ಆದರೂ ಓಣಿಯ ತುದಿಯವರೆಗೆ ಕಳಿಸಿಕೊಡಲು ಬಂದಳು. ಅಲ್ಲಿಂದ ಶಾಲೆಯ ಗೋಡೆ ಕಾಣುತ್ತಿತ್ತು. ಶೈಲಶ್ರೀ ನಾಲ್ಕು ಹೆಜ್ಜೆ ನಡೆದು ತಿರುಗಿದಾಗ ಹುಡುಗಿ ಕಡೆಯ ಮನೆಯ ಗೋಡೆಗೆ ಒತ್ತಿ ನಿಂತು, ಶಾಲೆಯ ದಿಕ್ಕಿನ ಬಿಸಿಲಿಗೆ ಚಾಚಿದ್ದ ಬರಿಗಾಲನ್ನು ಮೆಲ್ಲಗೆ ನೆರಳಿಗೆ ಎಳೆದುಕೊಂಡಳು.