ಕಾರಹುಣ್ಣಿಮೆಯ ದಿನ ಕೂಡಿಸಿದ ಪೈಪು

ಫ್ಯಾನಿನ ಕಂಪನಿಯವರ ಚಹಾ ಯಾರೂ ಕುಡಿಯಬಾರದು ಎಂದು ಕಟ್ಟಳೆ ಮಾಡಿದವಳು ಶೈಲಾ.

ಹುನಗುಂದದಿಂದ ಒಂಬತ್ತು ಕಿಲೋಮೀಟರ್ ಒಳಗಿರುವ ಆ ಊರಿನ ಕಪ್ಪು ಮಣ್ಣಿನ ಎರಿ ಹೊಲಗಳ ನಡುವೆ ಇಪ್ಪತ್ತೆರಡು ಗಾಳಿಯಂತ್ರಗಳು ಏಳುವುದಿತ್ತು. ಊರವರ ಬಾಯಲ್ಲಿ ಅವು ಫ್ಯಾನು. ಫ್ಯಾನಿನ ರೆಕ್ಕೆ ಹೊತ್ತ ಲಾರಿ, ಅದನ್ನು ಎತ್ತುವ ಕ್ರೇನು ಹೋಗಬೇಕೆಂದರೆ ಹೊಲಗಳ ನಡುವೆ ಹಾಯ್ದು ಗರಸಿನ, ಅಂದರೆ ಕಲ್ಲುಮಣ್ಣಿನ, ರಸ್ತೆ ಆಗಬೇಕು. ಗ್ರಾಮಸಭೆ ಒಪ್ಪಿತು, ಆದರೆ ಒಂದು ಮಾತು ಬರೆಸಿಕೊಂಡೇ ಒಪ್ಪಿತು. ಊರಿನ ಉಸ್ತುವಾರಿ ಸಮಿತಿ ಕಣ್ಣಾರೆ ನೋಡಿ, ಪುಸ್ತಕದಲ್ಲಿ ಬರೆದು, ಸಹಿ ಮಾಡುವ ತನಕ ಯಾವ ರಸ್ತೆಯ ಮೇಲೂ ಕ್ರೇನು ಹಾಯುವಂತಿಲ್ಲ. ಬಿ.ಎ. ಓದಿದವಳು, ಅಕ್ಷರ ದುಂಡಗೆ ಬರೆಯುವವಳು, ಹಾಕಿದ ಚಿಲಕವನ್ನು ತಿರುಗಿ ಬಂದು ಮುಟ್ಟಿ ನೋಡುವವಳು ಎಂದು ಶೈಲಾಳನ್ನೇ ಕಾರ್ಯದರ್ಶಿ ಮಾಡಿದರು.

ಮೊದಲ ಸಭೆಯಲ್ಲೇ ಆಕೆ ಕಟ್ಟಳೆ ಓದಿ ಹೇಳಿದಳು. ಕಂಪನಿಯ ಚಹಾ ಬೇಡ, ಕಂಪನಿಯ ಜೀಪು ಬೇಡ, ಹಬ್ಬಕ್ಕೆ ಕೊಡುವ ಪೇಢೆಯ ಡಬ್ಬಿಯೂ ಬೇಡ.

"ಪೇಢೆನೂ ಬ್ಯಾಡಂದ್ರ ಭಾಳ ಬಿಗಿ ಆತು ಬಿಡ ತಂಗಿ," ಎಂದ ಸಮಿತಿಯ ಹಿರಿಯ ಕನಕಪ್ಪ. ಆದರೂ ಹೆಬ್ಬೆಟ್ಟು ಒತ್ತಿದ.

ಎಲ್ಲ ದಿಕ್ಕಿಗೂ ಬೇಲಿ ಹಾಕಿದೆ ಎಂದುಕೊಂಡಿದ್ದ ಶೈಲಾಳಿಗೆ ಒಂದು ದಿಕ್ಕು ಹೊಳೆದಿರಲಿಲ್ಲ. ಕಂಪನಿ ನಮಗೆ ಉಣಿಸಬಾರದು ಎಂದು ಬರೆದಿತ್ತು. ನಾವು ಕಂಪನಿಗೆ ಉಣಿಸಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ.

ಆ ದಿಕ್ಕಿನಿಂದ ಬಂದವನು ಸಂಕೇತ. ಬಾದಾಮಿಯವನು, ಕಂಪನಿಯ ಇಪ್ಪತ್ತಾರರ ಇಂಜಿನಿಯರ್, ಇದೇ ಮೊದಲ ನೌಕರಿ. ರಸ್ತೆಯ ಕೆಲಸವೆಲ್ಲ ಅವನ ಕೈಯಲ್ಲಿ. ಒಂದು ಮಧ್ಯಾಹ್ನ ಬೇವಿನ ಗಿಡದ ನೆರಳಲ್ಲಿ ಕುಳಿತು ಅವನು ಬಿಸ್ಕೀಟು ತಿನ್ನುವುದು ಶೈಲಾಳ ಅತ್ತೆ ಗುರುಲಿಂಗವ್ವನ ಕಣ್ಣಿಗೆ ಬಿತ್ತು.

"ಏನೋ ಯಪ್ಪಾ, ನಡು ಮಧ್ಯಾಹ್ನ ಬಿಸ್ಕೀಟ ತಿಂತಾರೇನ? ಹಡದಾಕಿ ಇಲ್ಲೇನ ನಿನಗ?"

"ಇದ್ದಾಳ್ರೀ ಆಯಿ, ಬಾದಾಮಿಯೊಳಗ."

"ಬಾದಾಮಿಯೊಳಗ ಅಕಿ, ಇಲ್ಲಿ ನಾ. ಏಳ ಮ್ಯಾಲ."

ಅಲ್ಲಿಗೆ ಮುಗಿಯಲಿಲ್ಲ. ಇವರ ಮನೆಯಲ್ಲಿ ಉಂಡವನು ನಮ್ಮ ಮನೆಯಲ್ಲಿ ಯಾಕೆ ಉಣ್ಣಬಾರದು ಎಂದು ಕನಕಪ್ಪನ ಹೆಂಡತಿ ಶಾರವ್ವ ಕೇಳಿದಳು. ಆಮೇಲೆ ಹಳ್ಳದ ಕಡೆ ಹೊಲವಿದ್ದ ಮರೆವ್ವ ಕೇಳಿದಳು. ತಿಂಗಳೊಪ್ಪತ್ತಿನಲ್ಲಿ ಸಂಕೇತನಿಗೆ ವಾರದ ಪಾಳಿ ಬಿತ್ತು. ಸೋಮವಾರ ಶಾರವ್ವನ ಮನೆಯ ಪುಂಡಿಪಲ್ಯ, ಬುಧವಾರ ಮರೆವ್ವನ ಮನೆಯ ಜುಣಕದ ವಡೆ. ಅವನ ಅಂಗಿಯ ಗುಂಡಿ ಬಿಗಿಯಾದವು. ಅವನ ತಾಯಿ ಕುಮುದಿನಿ ಶೈಲಾಳಿಗೆ ಫೋನು ಮಾಡಿ, "ನಿಮ್ಮ ಕೈಯಾಗ ಹಾಕೇನ್ರಿ ಹುಡುಗನ್ನ," ಎಂದಳು. ಶೈಲಾಳಿಗೆ ಒಳಗೊಳಗೇ ಹಿಗ್ಗು. ಅವಳಿಗೆ ತಮ್ಮಂದಿರಿರಲಿಲ್ಲ.

ಹದಿನಾಲ್ಕನೇ ಫ್ಯಾನಿನ ರಸ್ತೆ ಮರೆವ್ವನ ಹೊಲದ ಕೆಳಗೆ ಹಾದಿತ್ತು. ಆ ಹೊಲದ ಒಡ್ಡಿಗೆ ಅವಳ ಮಾವ ಕಟ್ಟಿದ ಕಲ್ಲಿನ ಕೋಡಿ ಇದೆ. ಮಳೆ ನೀರು ಹೊಲದಲ್ಲಿ ಬೇಕಾದಷ್ಟು ಇಂಗಿ, ಹೆಚ್ಚಾದದ್ದು ಕೋಡಿಯ ಮೇಲೆ ಹಾಯ್ದು ಹಳ್ಳ ಸೇರಬೇಕು. ಈಗ ಕೋಡಿಗೂ ಹಳ್ಳಕ್ಕೂ ನಡುವೆ ರಸ್ತೆ ಎದ್ದಿದ್ದರಿಂದ ಅದರಡಿ ಸಿಮೆಂಟಿನ ಪೈಪು ಹಾಕುವುದೆಂದು ಮಾತಾಗಿತ್ತು. ನೀರು ಹೋಗದೆ ನಿಂತರೆ ಎರಿ ಭೂಮಿ ಹದಕ್ಕೆ ಬರುವುದಿಲ್ಲ, ಬಿಳಿಜೋಳದ ಬಿತ್ತನೆ ತಪ್ಪುತ್ತದೆ. ಮರೆವ್ವನಿಗೆ ಇದ್ದದ್ದು ಅದೊಂದೇ ಹೊಲ.

ಆಷಾಢದ ಒಂದು ಬೆಳಿಗ್ಗೆ ಸಮಿತಿ ಆ ರಸ್ತೆ ನೋಡಲು ಹೋಯಿತು. ಮಳೆ ಇನ್ನೂ ಜೋರು ಹಿಡಿದಿರಲಿಲ್ಲ. ಕ್ರೇನು ಹದಿಮೂರನೇ ಫ್ಯಾನಿನ ಬುಡದಲ್ಲಿ ಬಂದು ನಿಂತಿತ್ತು, ಈ ಸಹಿಯೊಂದೇ ಬಾಕಿ. ಗರಸು ಹಾಕಿ, ರೋಲರ್ ಹೊಡೆದು, ರಸ್ತೆ ಹಪ್ಪಳದ ಹಾಗೆ ಸಪಾಟಾಗಿತ್ತು.

"ರಸ್ತಾ ಅಂದ್ರ ಇದಪ್ಪಾ," ಎಂದ ಕನಕಪ್ಪ, ಸಂಕೇತನ ಬೆನ್ನು ತಟ್ಟಿ. "ಬರಿ ಶೈಲವ್ವ, ಛಲೋ ಐತಿ ಅಂತ."

ಶೈಲಾ ಬರೆಯಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ಇಳಿಜಾರಿನಲ್ಲಿ ಇಳಿದಳು. ಪೈಪಿನ ಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಮ್ಮೆ ಕೋಡಿಯ ಕಲ್ಲನ್ನು ನೋಡಿದಳು, ಒಮ್ಮೆ ಪೈಪನ್ನು ನೋಡಿದಳು. ಪೈಪಿನ ತಳ ಕೋಡಿಯ ಕಲ್ಲಿಗಿಂತ ಮೇಲಿದ್ದ ಹಾಗೆ ಕಂಡಿತು. ಗೇಣಿನಷ್ಟಾದರೂ ಇದ್ದೀತು.

"ಸಂಕೇತ, ಇದು ಎತ್ತರ ಆಗೇತೇನಪಾ?"

ಸಂಕೇತ ಇಳಿದು ಬಂದು ನೋಡಿದ. ಕಿವಿ ಕೆಂಪಾದವು.

"ಕಣ್ಣಳತಿ ನಂಬಬಾರದವ್ವ," ಎಂದು ಮೇಲಿನಿಂದ ಕನಕಪ್ಪ ಕೂಗಿದ. "ಇಳಿಜಾರಿನಾಗ ನಿಂತು ನೋಡಿದ್ರ ಎಲ್ಲಾ ಎತ್ತರನ ಕಾಣತೈತಿ. ನಮ್ಮ ಹುಡುಗ ತಪ್ಪು ಮಾಡ್ತಾನೇನ?"

"ನಮ್ಮ ಹುಡುಗ ಅಂತನ ನನಗ ಅಂಜಿಕಿ," ಎಂದಳು ಶೈಲಾ. ಮಾತು ತಾನಾಗಿಯೇ ಹೊರಬಿದ್ದಿತ್ತು.

ಮರೆವ್ವ ಒಡ್ಡಿನ ಮೇಲೆ ನಿಂತಿದ್ದಳು. ಹೊಲ ಅವಳದು, ಆದರೆ ಬುಧವಾರ ಬುಧವಾರ ಬಡಿಸಿದ ಕೈಯೂ ಅವಳದೇ. "ಇರ್ಲಿ ಬಿಡ ಯವ್ವಾ," ಎಂದಳು ಸಣ್ಣಗೆ. "ಹೊಸಾ ನೌಕರಿ. ಮ್ಯಾಲಿನವರು ಬೈತಾರ ಅವನ್ನ. ನೀರು ಹೆಂಗರ ಹೋಗತೈತಿ."

ಸೊಸೆಯ ಹಿಂದೆಯೇ ಬಂದಿದ್ದ ಗುರುಲಿಂಗವ್ವ ಕೋಲೂರಿ ಮುಂದೆ ಬಂದಳು. ಸಮಿತಿಯಲ್ಲಿ ಅವಳ ಹೆಸರಿರಲಿಲ್ಲ. ಅದನ್ನು ಅವಳಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಧೂಳು ಕೂರಿಸಲು ರಸ್ತೆಯ ಮೇಲೆ ನಿಂತಿದ್ದ ನೀರಿನ ಟ್ಯಾಂಕರ್ ಕಡೆ ಕೋಲು ತೋರಿಸಿದಳು.

"ಅದರ ನೀರು ಕೋಡಿ ಮುಂದ ಬಿಡ್ರಿ. ನಾವ್ಯಾಕ ಜಗಳಾ ಮಾಡೂದು? ಅವ ಯಾರ ಮನ್ಯಾಗ ಉಂಡಾನ ಅನ್ನೂದು ನೀರಿಗೇನ ಗೊತ್ತೈತಿ?"

ಟ್ಯಾಂಕರು ಹಿಂದೆ ಸರಿದು ನಿಂತಿತು. ನೀರು ಬುಸುಗುಡುತ್ತ ಕೋಡಿಯ ಕಲ್ಲು ದಾಟಿತು, ಪೈಪಿನ ಬಾಯಿಯವರೆಗೆ ಓಡಿ ಬಂತು, ಅಲ್ಲಿ ನಿಂತಿತು. ಎಲ್ಲರೂ ಬಗ್ಗಿ ನೋಡುತ್ತಿದ್ದರು. ನೀರು ಏರಿತು, ಅತ್ತಿತ್ತ ಹರಡಿತು. ಕಡೆಗೆ ಹಿಂದೆ ಹೊರಳಿ ಕೋಡಿಯ ಕಲ್ಲನ್ನೇ ಮುಳುಗಿಸಿ ಮರೆವ್ವನ ಹೊಲದೊಳಗೆ ಕಾಲಿಟ್ಟಿತು. ಪೈಪಿನೊಳಗೆ ಹನಿಯೂ ಹೋಗಲಿಲ್ಲ.

ಮರೆವ್ವ ಹಣೆ ಒತ್ತಿಕೊಂಡಳು.

"ತಳದಾಗ ಹಾಸುಗಲ್ಲು ಹತ್ತಿತ್ತಂತ್ರಿ," ಎಂದ ಸಂಕೇತ. ಯಾರ ಮುಖವನ್ನೂ ನೋಡಲಿಲ್ಲ. "ಒಡಿಯೂದು ಬಿಟ್ಟು ಗುತ್ತಿಗೆ ಮಂದಿ ಕಲ್ಲಿನ ಮ್ಯಾಲೇ ಪೈಪ್ ಕೂಡಿಸ್ಯಾರ. ನಾ ಬರೂದ್ರಾಗ ಗರಸು ಮುಚ್ಚಿಬಿಟ್ಟಿದ್ರು. ಲೆವೆಲ್ ಬರೊಬ್ಬರಿ ಅದ ಅಂದ್ರು. ಹೂಂ ಅಂದೆ. ತೆಗಸ್ರಿ ಅನ್ನಬೇಕಿತ್ತು. ನಾನ ಅಲ್ಲಿ ಇರಲಿಲ್ಲ, ಯಾವ ಬಾಯಿಂದ ಅನ್ಲಿ?"

"ಎಲ್ಲಿ ಹೋಗಿದ್ದಿ?" ಎಂದ ಕನಕಪ್ಪ.

ಸಂಕೇತ ಬಗ್ಗಿ ಪೈಪಿನ ಬಾಯಿಯ ಮಣ್ಣು ಕೆದರತೊಡಗಿದ. ಶೈಲಾಳಿಗೆ ಆಗ ನೆನಪಾಯಿತು.

ಕಾರಹುಣ್ಣಿಮೆ. ಎತ್ತುಗಳ ಕೋಡುಗಳಿಗೆ ಬಣ್ಣ ಬಳಿದ ದಿನ. ಹಬ್ಬದ ದಿನ ಹುಡುಗ ಬಿಸಿಲಲ್ಲಿ ನಿಂತಾನೆ ಎಂದು ತಾನೇ ಹೋಗಿ ಕರೆತಂದಿದ್ದಳು. "ಅಕ್ಕಾರ, ಪೈಪ್ ಕೂಡಿಸಾಕತ್ತಾರ, ಆಮ್ಯಾಲ ಬರ್ತೀನ್ರಿ," ಎಂದು ಅವನು ಎರಡು ಸಲ ಅಂದಿದ್ದ. "ಪೈಪೇನು ಓಡಿ ಹೋಗತೈತೇನ?" ಎಂದಿದ್ದಳು ತಾನು. ಅತ್ತೆ ಹೋಳಿಗೆ ಬಡಿಸಿದ್ದಳು. ಸಾಕು ಎಂದು ಅವನು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈ ಸರಿಸಿ ಮತ್ತೊಂದು, ಅದರ ಮೇಲೆ ತುಪ್ಪ. ಉಂಡ ಮೇಲೆ ಪಡಸಾಲೆಯ ಜಮಖಾನೆಯ ಮೇಲೆ ಐದು ನಿಮಿಷ ಒರಗುತ್ತೇನೆಂದವನು ನಾಲ್ಕು ಗಂಟೆಗೆ ಎದ್ದಿದ್ದ. ಅವನ ಮುಖದ ಮೇಲೆ ನೊಣ ಕೂರದಂತೆ ಸೆರಗು ಬೀಸಿದವಳೂ ತಾನೇ.

ಊರ ಪರವಾಗಿ ಕಣ್ಣಿಡಬೇಕಾದವಳು ಕಣ್ಣಿಡಬೇಕಾದವನನ್ನು ಮಲಗಿಸಿದ್ದಳು.

ಬೇವಿನ ಬುಡದಲ್ಲಿ ಕುಳಿತು ಶೈಲಾ ಪುಸ್ತಕ ತೆರೆದಳು. 'ಲೋಪ' ಎಂಬ ಕಡೆ ಬರೆಯುವುದು ಸುಲಭವಿತ್ತು. ಪೈಪು ಕೋಡಿಗಿಂತ ಗೇಣು ಎತ್ತರ, ನೀರು ಹೋಗುವುದಿಲ್ಲ. ಮುಂದಿನ ಅಂಕಣ 'ಕಾರಣ'. ಅಲ್ಲಿ ಪೆನ್ನು ನಿಂತಿತು. 'ಗುತ್ತಿಗೆದಾರರ ನಿರ್ಲಕ್ಷ್ಯ' ಎಂದು ಬರೆದರೆ ಅರ್ಧ ಮಾತು. 'ಇಂಜಿನಿಯರ್ ಸ್ಥಳದಲ್ಲಿರಲಿಲ್ಲ' ಎಂದಷ್ಟೇ ಬರೆದರೆ ಖರೆ ಮಾತು, ಆದರೆ ಆ ಖರೆ ಒಬ್ಬ ಹುಡುಗನ ಕುತ್ತಿಗೆ ಹಿಡಿಯುತ್ತದೆ, ತನ್ನನ್ನು ಬಿಟ್ಟುಬಿಡುತ್ತದೆ. ಕಾರಣ ಖಾಲಿ ಬಿಟ್ಟರೆ? ಖಾಲಿ ಬಿಟ್ಟ ಪುಸ್ತಕವನ್ನು ಕಂಪನಿಯವರು ನಾಳೆ ನಂಬುವುದಿಲ್ಲ. ಇನ್ನೂ ಎಂಟು ಫ್ಯಾನು ಬಾಕಿ ಇವೆ.

"ಅಕ್ಕಾರ," ಎಂದ ಸಂಕೇತ, ಹತ್ತಿರ ಬಂದು. "ನಾ ಇರಲಿಲ್ಲಂತ ಬರೀರಿ. ನಿಮ್ಮ ಮನಿ ಹೆಸರು ಬ್ಯಾಡ. ನಿಮ್ಮನ್ನ ಸಮಿತಿಯಿಂದ ತಗೀರಿ ಅಂತಾರ ಅವರು."

ಶೈಲಾ ತಲೆ ಎತ್ತಿ ಅವನನ್ನು ನೋಡಿದಳು. ಕಣ್ಣು ತುಂಬಿ ಬಂದವು. ಇವನ ಮೇಲೆ ಸಿಟ್ಟಾದರೂ ಬಂದಿದ್ದರೆ ಬರೆಯುವುದು ಎಷ್ಟು ಹಗುರಾಗುತ್ತಿತ್ತು!

ಆಕೆ ಬರೆದಳು. ಬರೆದದ್ದನ್ನು ಎಲ್ಲರಿಗೂ ಓದಿ ಹೇಳಿದಳು.

"ಕಾರಹುಣ್ಣಿಮೆಯ ದಿನ ಪೈಪು ಕೂಡಿಸುವಾಗ ಇಂಜಿನಿಯರ್ ಸ್ಥಳದಲ್ಲಿರಲಿಲ್ಲ. ಅವರು ಬೇಡವೆಂದರೂ ಅವರನ್ನು ಸಮಿತಿಯ ಕಾರ್ಯದರ್ಶಿ ಶೈಲಾ ಊಟಕ್ಕೆ ಕರೆದುಕೊಂಡು ಹೋಗಿದ್ದರು. ಅವರು ತಿರುಗಿ ಬಂದಾಗ ನಾಲ್ಕು ಗಂಟೆ ದಾಟಿತ್ತು. ಅಷ್ಟರಲ್ಲಿ ಗುತ್ತಿಗೆಯವರು ಹಾಸುಗಲ್ಲು ಒಡೆಯದೆ ಪೈಪು ಹಾಕಿ ಮುಚ್ಚಿದ್ದರು. ಬಂದ ಮೇಲೂ ಇಂಜಿನಿಯರ್ ತೆಗೆಸಿ ನೋಡಲಿಲ್ಲ. ಪೈಪು ತೆಗೆದು ಮತ್ತೆ ಹಾಕುವವರೆಗೆ ಕ್ರೇನು ಹಾಯಬಾರದು."

"ಊಟದ ಸುದ್ದಿ ಪುಸ್ತಕದಾಗ ಯಾಕವ್ವಾ?" ಎಂದು ಕನಕಪ್ಪ ಮಿಡುಕಿದ. "ನಾಳೆ ಬಾಗಲಕೋಟಿ ಸಾಹೇಬ್ರು ಓದ್ತಾರ, ನಗ್ತಾರ."

"ನಗಲಿ," ಎಂದಳು ಗುರುಲಿಂಗವ್ವ. "ಕಡೀ ಹೋಳಿಗಿ ನಾ ನೀಡೀನಿ ಅಂತ ಬರಿ. ಅರ್ಧಾ ಪಾಲು ನಂದೂ ಇರ್ಲಿ."

ಮರೆವ್ವ ನಕ್ಕಳು. ನಗುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡು, "ನನ್ನ ಹೊಲದ ಸಲುವಾಗಿ ಎಲ್ಲಾರ ಮಾನಾ ಹೊಂಟತಿ," ಎಂದಳು. ಸಂಕೇತ ಪೆನ್ನು ತೆಗೆದುಕೊಂಡು ಶೈಲಾಳ ಸಹಿಯ ಕೆಳಗೆ ತನ್ನದನ್ನು ಹಾಕಿದ.

ಮೂರನೆಯ ದಿನ ಬಾಗಲಕೋಟೆಯಿಂದ ಕಂಪನಿಯ ಹಿರಿಯ ಅಧಿಕಾರಿ ಬಂದರು. ಪುಸ್ತಕವನ್ನು ಎರಡು ಸಲ ಓದಿದರು. ನಗಲಿಲ್ಲ. ಸಂಕೇತನ ಕೈಗೆ ಒಂದು ನೋಟೀಸು ಕೊಟ್ಟರು. ಇನ್ನೊಮ್ಮೆ ಹೀಗಾದರೆ ನೌಕರಿ ಇಲ್ಲ ಎಂದು ಅದರಲ್ಲಿತ್ತು. ಶೈಲಾಳ ಕಡೆ ತಿರುಗಿ, "ಇಷ್ಟು ವರ್ಷದಾಗ ತಮ್ಮ ತಪ್ಪು ತಾವ ಬರಕೊಂಡ ಸಮಿತಿ ನಾ ನೋಡಿಲ್ರಿ. ಇನ್ನ ಮ್ಯಾಲ ಈ ಪುಸ್ತಕದಾಗ ಏನ್ ಬರೆದ್ರೂ ನಾ ಮರಳಿ ಕೇಳಂಗಿಲ್ಲ," ಎಂದರು. ಹೊಗಳಿದರೋ ಬೈದರೋ ಆಕೆಗೆ ತಿಳಿಯಲಿಲ್ಲ. ಚಹಾ ಬೇಕೇ ಎಂದು ಕೇಳಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡಳು.

ಆ ಸಂಜೆ ಕುಮುದಿನಿಯ ಫೋನು ಬಂತು. ಎತ್ತುವ ಮೊದಲು ಶೈಲಾ ನಾಲ್ಕು ಸಲ ರಿಂಗಾಗಲು ಬಿಟ್ಟಳು.

"ಮಗಾ ಎಲ್ಲಾ ಹೇಳ್ದ," ಎಂದಳು ಕುಮುದಿನಿ. "ನೋಟೀಸಂದ ಕೂಡ್ಲೆ ನನಗ ಸಿಟ್ಟು ಬಂದಿತ್ರಿ, ಸುಳ್ಳ್ಯಾಕ ಹೇಳ್ಲಿ. ಆಮ್ಯಾಲ ಅಂದೆ, ಅಕಿ ತನ್ನ ಹೆಸರನೂ ಬರದಾಳಲ್ಲಾ. ಒಬ್ಬನ್ನ ನಡುನೀರಾಗ ಬಿಟ್ಟು ಅಕಿ ದಂಡಿ ಹತ್ತಲಿಲ್ಲ."

ಶೈಲಾ ಹೂಂ ಎಂದಳು.

ರಸ್ತೆ ಅಗೆಯುವ ದಿನ ಸಂಕೇತ ಆರು ಗಂಟೆಗೇ ತಗ್ಗಿನಲ್ಲಿ ಇಳಿದಿದ್ದ. ಯಂತ್ರ ಹಾಸುಗಲ್ಲನ್ನು ಕುಟ್ಟುವ ಸದ್ದು ಊರ ತನಕ ಕೇಳುತ್ತಿತ್ತು. ಮಧ್ಯಾಹ್ನ ಮರೆವ್ವ ಮಜ್ಜಿಗೆಯ ತಂಬಿಗೆ ಹಿಡಿದು ಮೇಲೆ ನಿಂತು ಕರೆದಳು. ಅವನು ಕತ್ತೆತ್ತದೆ ಕೈ ಬೀಸಿದ. ಅವಳು ಶೈಲಾಳ ಕಡೆ ನೋಡಿದಳು. ಶೈಲಾ ತಲೆ ಅಲ್ಲಾಡಿಸಿದಳು, ಬೇಡ. ಹೊತ್ತು ನೆತ್ತಿಗೆ ಬಂದಿತ್ತು. ಆದರೂ ಬೇಡ.

ನಾಲ್ಕರ ಹೊತ್ತಿಗೆ ಪೈಪು ಕೂತಿತು. ಸಂಕೇತ ಲೆವೆಲ್ ಯಂತ್ರದಲ್ಲಿ ಎರಡು ಸಲ ನೋಡಿ, ಮೂರನೆಯ ಸಲ ಕನಕಪ್ಪನಿಗೂ ನೋಡಲು ಹೇಳಿದ. ಅವನಿಗೆ ಅದರಲ್ಲಿ ಏನೂ ತಿಳಿಯಲಿಲ್ಲ, ಆದರೆ ಬಹಳ ಹೊತ್ತು ನೋಡಿದ. ಟ್ಯಾಂಕರು ನೀರು ಬಿಟ್ಟಿತು. ನೀರು ಕೋಡಿ ಹಾಯ್ದು ಬಂದು, ಪೈಪಿನ ಬಾಯಲ್ಲಿ ಒಂದು ಸುತ್ತು ತಿರುಗಿ, ಒಳಗೆ ಇಳಿಯಿತು.

"ಬಂತೇನೋ?" ಎಂದು ಕನಕಪ್ಪ ಆಚೆ ಬದಿಗೆ ಓಡಿದ. ಮರೆವ್ವ ಅವನಿಗಿಂತ ಮೊದಲೇ ಅಲ್ಲಿದ್ದಳು.

"ನೀವ ನೋಡ್ರಿ ಅಕ್ಕಾರ," ಎಂದ ಸಂಕೇತ. "ನೋಡಿ ಸಹಿ ಮಾಡ್ರಿ."

ಟ್ಯಾಂಕರಿನ ನೀರು ತೀರಿದ ಮೇಲೆ ಶೈಲಾ ಕೆಳಗಿಳಿದಳು. ಇಳಕಲ್ ಸೀರೆಗೆ ಕೆಸರು ಹತ್ತುವುದೆಂದು ಒಂದು ಗಳಿಗೆ ಅನುಮಾನಿಸಿ, ಮೊಣಕಾಲೂರಿ, ಗಲ್ಲ ನೆಲಕ್ಕೆ ತಾಗುವಷ್ಟು ಬಗ್ಗಿ ಒಳಗೆ ಇಣುಕಿದಳು. ಒದ್ದೆ ಸಿಮೆಂಟಿನ ಕತ್ತಲೆ, ಅದರ ಕೊನೆಯಲ್ಲಿ ರೊಟ್ಟಿಯಷ್ಟು ದುಂಡನೆಯ ಬೆಳಕು. ಬೆಳಕಿನ ನಡುವೆ ಅತ್ತ ಕಡೆಯಿಂದ ಇಣುಕುತ್ತಿದ್ದ ಮರೆವ್ವನ ಮುಖ.

"ಕಂಡ್ನೇನ ಯವ್ವಾ?" ಪೈಪಿನೊಳಗಿಂದ ದನಿ ದೊಡ್ಡದಾಗಿ ಬಂತು.

"ಕಂಡಿ," ಎಂದಳು ಶೈಲಾ. "ಸರಿ, ಸರಿ. ಹಲ್ಲು ಸೈತ ಕಾಣಾಕತ್ತಾವ."